ಪಿಎಸ್‌ಎ ಇಳಿದಿದೆ, ಸ್ಕ್ಯಾನ್ ಸರಿಯಿದೆ. ಮತ್ತೆ ಈ ಮೈಕೈ ನೋವು ಎಲ್ಲಿಂದ?

ಪ್ರಶ್ನೆ: ಮಾನ್ಯ ಡಾಕ್ಟರೇ, ನನಗೆ 67 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಮುಗಿದಿದೆ. ಏಳು ತಿಂಗಳಿಂದ ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್, ದಿನವೂ ಅಬಿರಾಟೆರೋನ್ ಮತ್ತು ಪ್ರೆಡ್ನಿಸೋಲೋನ್ ಮಾತ್ರೆ ನಡೆಯುತ್ತಿವೆ. ಕೊಲೆಸ್ಟರಾಲ್‌ಗೆ ಹಳೆಯ ಸ್ಟ್ಯಾಟಿನ್ ಮಾತ್ರೆಯೂ ಇದೆ. ಪ್ರಾಸ್ಟೇಟ್ ಕ್ಯಾನ್ಸರ್‌ನ ಸ್ಥಿತಿ ತಿಳಿಯಲು ಮಾಡುವ ರಕ್ತಪರೀಕ್ಷೆ ಪಿಎಸ್‌ಎ 0.1ಕ್ಕಿಂತ ಕೆಳಗೆ ಬಂದಿದೆ. ಆದರೆ ಎರಡು ತಿಂಗಳಿಂದ ಮೈಯೆಲ್ಲ ನೋವು. ಒಂದು ದಿನ ಭುಜಗಳು, ಮರುದಿನ ತೊಡೆಗಳು, ಇನ್ನೊಂದು ದಿನ ಪಕ್ಕೆ. ಬೋನ್ ಸ್ಕ್ಯಾನ್ ಮಾಡಿ "ಏನೂ ಇಲ್ಲ" ಎಂದರು. ಡೈಕ್ಲೋಫೆನ್ಯಾಕ್ ಎಂಬ ನೋವಿನ ಮಾತ್ರೆ ದಿನಕ್ಕೆರಡು ನಾನೇ ತಂದು ನುಂಗುತ್ತಿದ್ದೇನೆ. ಕ್ಯಾನ್ಸರ್ ಮೂಳೆಗೆ ಹರಡಿ ಸ್ಕ್ಯಾನಿನ ಕಣ್ಣಿಗೆ ಬೀಳುತ್ತಿಲ್ಲವೇ? ಪ್ರೆಡ್ನಿಸೋಲೋನ್ ನಿಲ್ಲಿಸಿ ನೋಡಬಹುದೇ? ಮುಂದಿನ ಇಂಜೆಕ್ಷನ್ ಬಿಟ್ಟುಬಿಡಲೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಗಳಾದರೂ ಉಳಿದೆರಡು ಹುಟ್ಟಿರುವುದು ಮೊದಲನೆಯದರ ಭಯದಿಂದ. ಆದ್ದರಿಂದ ಅದಕ್ಕೆ ಮೊದಲು ನೇರವಾಗಿ ಉತ್ತರಿಸುತ್ತೇನೆ. ನೀವು ಬರೆದ ವಿವರಗಳನ್ನು ನೋಡಿದರೆ ಈ ನೋವು ಮೂಳೆಗೆ ಹರಡಿದ ಕ್ಯಾನ್ಸರ್‌ನದಾಗಿರುವ ಸಾಧ್ಯತೆ ಕಡಿಮೆ. ಮೂಳೆಗೆ ಇಳಿದ ಪ್ರಾಸ್ಟೇಟ್ ಕ್ಯಾನ್ಸರ್ ಕೊಡುವ ನೋವು ಸಾಮಾನ್ಯವಾಗಿ ದಿನಕ್ಕೊಂದು ಜಾಗಕ್ಕೆ ಅಲೆಯುವುದಿಲ್ಲ. ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು, ತೊಡೆಮೂಳೆಯ ಮೇಲ್ಭಾಗ, ಹೀಗೆ ಯಾವುದಾದರೂ ಒಂದು ಕಡೆ ಬೀಡುಬಿಟ್ಟು, ವಾರದಿಂದ ವಾರಕ್ಕೆ ಬಲಿಯುತ್ತಾ, ರಾತ್ರಿ ಮಲಗಿ ವಿಶ್ರಾಂತಿಯಲ್ಲಿದ್ದಾಗಲೂ ಬಿಡದೆ ಕೊರೆಯುವುದು ಅದರ ರೀತಿ. ಎಲ್ಲಿ ನೋವು ಎಂದು ಕೇಳಿದಾಗ ರೋಗಿ ಒಂದೇ ಬೆರಳನ್ನು ಒಂದೇ ಜಾಗದ ಮೇಲಿಟ್ಟು "ಇಲ್ಲಿ" ಎಂದರೆ ನಾನು ಎಚ್ಚರವಾಗುತ್ತೇನೆ. ಅಂಗೈಯನ್ನು ಭುಜದಿಂದ ತೋಳಿಗೆ, ಅಲ್ಲಿಂದ ತೊಡೆಗೆ ಸವರುತ್ತಾ "ಇಲ್ಲೆಲ್ಲ" ಎಂದರೆ ನನ್ನ ಗಮನ ಮೊದಲು ಹೋಗುವುದು ಸ್ನಾಯು, ಕೀಲು ಮತ್ತು ಔಷಧಿಗಳ ಕಡೆಗೆ. ನಿಮ್ಮ ಪತ್ರ ಎರಡನೆಯ ಬಗೆಯದು.

ಸ್ಕ್ಯಾನ್ ತಪ್ಪಬಹುದೇ ಎಂಬ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಬೋನ್ ಸ್ಕ್ಯಾನ್ ತೋರಿಸುವುದು ಕ್ಯಾನ್ಸರ್ ಕಣಗಳನ್ನಲ್ಲ, ಅವುಗಳಿಗೆ ಮೂಳೆ ತೋರುವ ಪ್ರತಿಕ್ರಿಯೆಯನ್ನು. ಎಲ್ಲಿ ಹೊಸ ಮೂಳೆ ಕಟ್ಟುವ ಕೆಲಸ ಜೋರಾಗಿದೆಯೋ ಅಲ್ಲಿ ಇಂಜೆಕ್ಷನ್ ಮೂಲಕ ಕೊಟ್ಟ ವಿಕಿರಣಶೀಲ ದ್ರವ್ಯ ಹೆಚ್ಚು ಸೇರಿ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಸವೆದ ಮಂಡಿಯೂ ಹಳೆಯ ಮೂಳೆಮುರಿತವೂ ಅದರಲ್ಲಿ ಕಪ್ಪಾಗಿ ಕಾಣಬಹುದು, ಅಸ್ಥಿಮಜ್ಜೆಯೊಳಗೆ ಆಗಷ್ಟೇ ಕೂತ ಸಣ್ಣ ಗಡ್ಡೆ ಕಾಣದೆಯೂ ಹೋಗಬಹುದು. ಎಂಆರ್‌ಐ ಮತ್ತು ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ಗಳು ಇದಕ್ಕಿಂತ ಸೂಕ್ಷ್ಮ. ಪಿಎಸ್‌ಎ ಬಹುತೇಕ ಎಲ್ಲರಲ್ಲೂ ನಂಬತಕ್ಕ ಸೂಚಕವೇ ಆದರೂ, ಪಿಎಸ್‌ಎಯನ್ನು ಹೆಚ್ಚಾಗಿ ಸ್ರವಿಸದ ಅಪರೂಪದ ಬಗೆಯ ಪ್ರಾಸ್ಟೇಟ್ ಕ್ಯಾನ್ಸರ್‌ಗಳಿವೆ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ನೋವು ಒಂದೇ ಕಡೆ ನೆಲೆನಿಂತು ಎರಡು ಮೂರು ವಾರ ಹೆಚ್ಚುತ್ತಲೇ ಹೋದರೆ, ಹಿಂದಿನ ಸ್ಕ್ಯಾನ್ ಸರಿಯಿತ್ತೆಂಬ ಮಾತಿಗೆ ಜೋತುಬೀಳದೆ ಆ ಜಾಗದ ಎಂಆರ್‌ಐ ಕೇಳುವ ಹಕ್ಕು ನಿಮಗಿದೆ ಎಂಬುದು ತಿಳಿದಿರಲಿ.

"ಏನೂ ಇಲ್ಲ" ಎಂಬ ಮಾತಿನ ಬಗ್ಗೆ ಇಲ್ಲಿಯೇ ಒಂದು ತಕರಾರು ಹೇಳಿಬಿಡುತ್ತೇನೆ. ನಮ್ಮ ವೃತ್ತಿಯವರು ಆ ಮಾತನ್ನು ಸಮಾಧಾನಕ್ಕೆಂದು ಹೇಳುತ್ತೇವೆ. ನೋವು ತಿನ್ನುತ್ತಿರುವವರಿಗೆ ಅದು "ನಿಮ್ಮ ನೋವು ಸುಳ್ಳು" ಎಂದು ಕೇಳಿಸುತ್ತದೆ. ಕ್ಯಾನ್ಸರ್ ಇದೆಯೇ ಎಂಬ ಒಂದು ಪ್ರಶ್ನೆಗೆ ಸ್ಕ್ಯಾನ್ ಉತ್ತರ ಕೊಟ್ಟಿದೆ, ಅಷ್ಟೇ. ನೋವು ಏಕೆ ಎಂಬ ಪ್ರಶ್ನೆಯನ್ನು ಇನ್ನೂ ಯಾರೂ ಕೈಗೆತ್ತಿಕೊಂಡಿಲ್ಲ. ನಿಮ್ಮಂಥ ಚಿಕಿತ್ಸೆಯಲ್ಲಿರುವವರ ಮೈಕೈ ನೋವಿಗೆ ಹುಡುಕಿದರೆ ಒಂದಲ್ಲ, ಎರಡು ಮೂರು ಕಾರಣಗಳು ಒಟ್ಟಿಗೆ ಸಿಗುವುದೇ ಹೆಚ್ಚು.

ಮೊದಲನೆಯದು ಹಾರ್ಮೋನ್ ಚಿಕಿತ್ಸೆಯೇ. ವೃಷಣಗಳ ಹಾರ್ಮೋನನ್ನು ಕಸಿದುಕೊಂಡರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಎಂದು ಅಮೆರಿಕದ ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಂದಿತು. ಇಂದಿನ ಇಂಜೆಕ್ಷನ್‌ಗಳು ಅದೇ ಕೆಲಸವನ್ನು ಶಸ್ತ್ರಕ್ರಿಯೆಯಿಲ್ಲದೆ ಮಾಡುತ್ತವೆ, ಟೆಸ್ಟೋಸ್ಟೆರಾನನ್ನು ಡೆಸಿಲೀಟರಿಗೆ 50 ನ್ಯಾನೋಗ್ರಾಂಗಿಂತ ಕೆಳಕ್ಕೆ ಇಳಿಸುತ್ತವೆ. ಆದರೆ ಟೆಸ್ಟೋಸ್ಟೆರಾನ್ ಪ್ರಾಸ್ಟೇಟ್ ಗ್ರಂಥಿಯೊಂದರ ಸ್ವತ್ತಲ್ಲ. ಸ್ನಾಯು, ಮೂಳೆ, ರಕ್ತ, ನಿದ್ದೆ, ಮನಸ್ಸು ಎಲ್ಲಕ್ಕೂ ಅದರಲ್ಲಿ ಪಾಲಿದೆ. ಇನ್ನೊಂದು ಸಂಗತಿಯನ್ನು ಅನೇಕರು ಗಮನಿಸಿರುವುದಿಲ್ಲ: ಗಂಡಸರ ಮೈಯಲ್ಲಿರುವ ಈಸ್ಟ್ರೋಜನ್ ಬಹುಪಾಲು ತಯಾರಾಗುವುದು ಟೆಸ್ಟೋಸ್ಟೆರಾನಿನಿಂದಲೇ. ಆದ್ದರಿಂದ ಒಂದು ಬತ್ತಿದರೆ ಇನ್ನೊಂದೂ ಬತ್ತುತ್ತದೆ. ಈಸ್ಟ್ರೋಜನ್ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವ ಸ್ತನ ಕ್ಯಾನ್ಸರ್ ರೋಗಿಗಳು ಬೆಳಗ್ಗೆ ಕೀಲು ಹಿಡಿದುಕೊಳ್ಳುತ್ತದೆ ಎಂದು ದೂರುವುದು ವೈದ್ಯರಿಗೆ ಚೆನ್ನಾಗಿ ಪರಿಚಿತ. ಗಂಡಸರು ಅದೇ ದೂರು ತಂದಾಗ ಮಾತ್ರ "ವಯಸ್ಸಾಯಿತಲ್ಲ" ಎಂಬ ಉತ್ತರ ಸಿಗುತ್ತದೆ.

ಇದರ ಜೊತೆಗೆ ಸ್ನಾಯು ಸೊರಗುತ್ತದೆ, ಆ ಜಾಗದಲ್ಲಿ ಕೊಬ್ಬು ಸೇರುತ್ತದೆ. ತೂಕದ ಯಂತ್ರದಲ್ಲಿ ಇದು ಕಾಣುವುದಿಲ್ಲ, ಕುರ್ಚಿಯಿಂದ ಏಳುವಾಗ ಕಾಣುತ್ತದೆ. ಆರು ತಿಂಗಳ ಹಿಂದೆ ಕೈಕಟ್ಟಿಕೊಂಡು ಎದ್ದು ನಿಲ್ಲುತ್ತಿದ್ದವರು ಈಗ ಕುರ್ಚಿಯ ಕೈ ಹಿಡಿದು, ಮೈ ಮುಂದಕ್ಕೆ ತೂಗಿ, ಎರಡನೆಯ ಪ್ರಯತ್ನಕ್ಕೆ ಏಳುತ್ತಾರೆ. ತೊಡೆಯ ಸ್ನಾಯು ಮಾಡಬೇಕಾದ ಕೆಲಸ ಮಂಡಿ, ಸೊಂಟ, ಭುಜಗಳ ಮೇಲೆ ಬೀಳುತ್ತದೆ, ಸಂಜೆಯ ಹೊತ್ತಿಗೆ ಅವೇ ನೋಯುತ್ತವೆ. ಇವತ್ತೇ ಒಮ್ಮೆ ಎದ್ದು ನೋಡಿ.

ಎರಡನೆಯದು ಅಬಿರಾಟೆರೋನ್. ಕೀಲುನೋವು ಮತ್ತು ಸ್ನಾಯುನೋವು ಈ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮಗಳ ಪಟ್ಟಿಯಲ್ಲೇ ಇವೆ. ಅದು ಅಡ್ರಿನಲ್ ಗ್ರಂಥಿಯಲ್ಲೂ ಹಾರ್ಮೋನ್ ತಯಾರಿಕೆಗೆ ತಡೆಯೊಡ್ಡುವುದರಿಂದ ಕಾರ್ಟಿಸಾಲ್ ಕಡಿಮೆಯಾಗಿ, ಉಪ್ಪನ್ನು ಮೈಯಲ್ಲಿ ಹಿಡಿದಿಡುವ ಹಾರ್ಮೋನುಗಳು ಹೆಚ್ಚುತ್ತವೆ. ಆಗ ರಕ್ತದೊತ್ತಡ ಏರುತ್ತದೆ, ಕಾಲು ಊದುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ. ಪೊಟ್ಯಾಸಿಯಂ ಇಳಿದರೆ ತೊಡೆ ಭಾರವೆನಿಸುವುದು, ಮೀನಖಂಡ ಸೆಳೆದುಕೊಳ್ಳುವುದು, ಮೈಯೆಲ್ಲ ನಿಶ್ಶಕ್ತಿ, ವಿಪರೀತವಾದರೆ ಹೃದಯದ ಬಡಿತವೇ ತಪ್ಪುವುದು. ಇದು ಒಂದು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಸರಿಪಡಿಸುವುದೂ ಕಷ್ಟವಲ್ಲ. ಇನ್ನೊಂದು ವಿಚಾರ: ಅಬಿರಾಟೆರೋನನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲೇ, ಅಂದರೆ ಊಟವಾಗಿ ಎರಡು ಗಂಟೆ ಕಳೆದ ಮೇಲೆ ತೆಗೆದುಕೊಂಡು, ನಂತರ ಒಂದು ಗಂಟೆ ಏನೂ ತಿನ್ನದೆ ಇರಬೇಕೆಂದು ಸೂಚಿಸಿರುತ್ತಾರೆ. ಆಹಾರದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಔಷಧಿ ಹಲವು ಪಟ್ಟು ಹೆಚ್ಚುತ್ತದೆ. ಪ್ರೆಡ್ನಿಸೋಲೋನನ್ನು ಮಾತ್ರ ತಿಂದ ಮೇಲೆ ತೆಗೆದುಕೊಳ್ಳಬೇಕು. ಅನುಕೂಲಕ್ಕೆಂದು ಎರಡನ್ನೂ ಒಟ್ಟಿಗೆ ಊಟದ ನಂತರ ನುಂಗುವವರನ್ನು ನೋಡಿದ್ದೇನೆ. ನೀವು ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಬರೆದಿಲ್ಲ, ಪರಿಶೀಲಿಸಿಕೊಳ್ಳಿ.

ಇಲ್ಲಿಗೆ ನಿಮ್ಮ ಎರಡನೆಯ ಪ್ರಶ್ನೆ ಬಂತು. ಪ್ರೆಡ್ನಿಸೋಲೋನನ್ನು ನೀವಾಗಿ ನಿಲ್ಲಿಸಬೇಡಿ. ಅಬಿರಾಟೆರೋನ್ ಕಸಿದುಕೊಂಡ ಕಾರ್ಟಿಸಾಲನ್ನು ಅದು ತುಂಬಿಕೊಡುತ್ತಿದೆ, ಮೇಲೆ ಹೇಳಿದ ಉಪ್ಪು ಮತ್ತು ಪೊಟ್ಯಾಸಿಯಂ ಏರುಪೇರನ್ನು ಹದ್ದುಬಸ್ತಿನಲ್ಲಿಟ್ಟಿದೆ. ತಿಂಗಳುಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ಬರುವ ಮೊದಲ ಲಕ್ಷಣಗಳಲ್ಲಿ ಮೈಕೈ ನೋವೇ ಒಂದು. ಹಿಂದೆಯೇ ಸುಸ್ತು, ವಾಂತಿ, ರಕ್ತದೊತ್ತಡ ಕುಸಿಯುವುದು ಬರಬಹುದು, ಅದು ಪ್ರಾಣಾಪಾಯದವರೆಗೂ ಹೋದೀತು. ನಡುನಡುವೆ ಮಾತ್ರೆ ಮರೆತ ದಿನಗಳಿಗೂ ನೋವು ಹೆಚ್ಚಿದ ದಿನಗಳಿಗೂ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಿ.

ಮೂರನೆಯ ಅನುಮಾನ ನಿಮ್ಮ ಹಳೆಯ ಸ್ಟ್ಯಾಟಿನ್ ಮಾತ್ರೆಯ ಮೇಲೆ. ವರ್ಷಗಳಿಂದ ಒಗ್ಗಿದ ಔಷಧಿ ಈಗೇಕೆ ತಕರಾರು ಮಾಡೀತು ಎನಿಸಬಹುದು. ಹೊಸ ಔಷಧಿ ಸೇರಿದಾಗ ಹಳೆಯದರ ಮಟ್ಟ ರಕ್ತದಲ್ಲಿ ಬದಲಾಗುವುದುಂಟು, ಸೊರಗಿದ ಸ್ನಾಯು ಅದೇ ಪ್ರಮಾಣವನ್ನು ತಾಳದಿರುವುದೂ ಉಂಟು. ಎರಡೂ ಭುಜ, ಎರಡೂ ತೊಡೆ ಎಂಬ ನಿಮ್ಮ ವಿವರಣೆ ಇದಕ್ಕೆ ಹೊಂದುತ್ತದೆ. ಕ್ರಿಯಾಟಿನ್ ಕೈನೇಸ್ ಎಂಬ ರಕ್ತಪರೀಕ್ಷೆ ಸ್ನಾಯುವಿಗೆ ಹಾನಿಯಾಗಿದೆಯೇ ಎಂಬುದನ್ನು ಹೇಳುತ್ತದೆ. ಮೂತ್ರ ಗಾಢ ಕಂದುಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ವಿಟಮಿನ್ ಡಿ ಕೊರತೆಯನ್ನು ನಾನು ಪ್ರತಿಯೊಬ್ಬರಲ್ಲೂ ಹುಡುಕುತ್ತೇನೆ. ತೀವ್ರ ಕೊರತೆಯಲ್ಲಿ ಮೂಳೆ ಮೆದುವಾಗಿ, ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ರೋಗಿ ಕಾಲೆಳೆದುಕೊಳ್ಳುತ್ತಾರೆ. ಹಾರ್ಮೋನ್ ಚಿಕಿತ್ಸೆಯ ಮೊದಲ ವರ್ಷದಲ್ಲಿ ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುವುದರಿಂದ ಡೆಕ್ಸಾ ಪರೀಕ್ಷೆಯೂ ಆಗಬೇಕು. ಉಳಿದಂತೆ ಹಿಮೋಗ್ಲೋಬಿನ್, ಥೈರಾಯ್ಡ್, ಕ್ಯಾಲ್ಸಿಯಂ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳು, ಮೈಯಲ್ಲಿ ಉರಿಯೂತವಿದೆಯೇ ಎಂದು ತೋರಿಸುವ ಈಎಸ್‌ಆರ್ ಮತ್ತು ಸಿಆರ್‌ಪಿ. ಕೊನೆಯ ಎರಡು ಏಕೆಂದರೆ, ಐವತ್ತು ದಾಟಿದವರಲ್ಲಿ ಬೆಳಗಿನ ಹೊತ್ತು ಎರಡೂ ಭುಜ ಮತ್ತು ಸೊಂಟ ಮರಗಟ್ಟಿದಂತಾಗುವ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎಂಬ ಬೇರೆಯೇ ಕಾಯಿಲೆಯಿದೆ. ಕ್ಯಾನ್ಸರ್ ಇದ್ದವರಿಗೆ ಬೇರೆ ಕಾಯಿಲೆ ಬರಬಾರದೆಂದೇನೂ ಇಲ್ಲವಲ್ಲ. ನೀವು ಪ್ರೆಡ್ನಿಸೋಲೋನ್ ಮೇಲಿರುವುದರಿಂದ ಅದು ಅರೆಬರೆ ಮರೆಯಾಗಿರಲೂಬಹುದು.

ವಿಕಿರಣದ ವಿಷಯ. ಸೊಂಟದ ಭಾಗಕ್ಕೆ ವಿಕಿರಣ ಪಡೆದವರಲ್ಲಿ, ಮೂಳೆ ಮೊದಲೇ ದುರ್ಬಲವಾಗಿದ್ದರೆ, ತಿಂಗಳುಗಳ ನಂತರ ಬೆನ್ನಿನ ಕೆಳತುದಿಯ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬರಬಹುದು. ನಿಂತರೆ, ನಡೆದರೆ ನೋವು, ಮಲಗಿದರೆ ಕಡಿಮೆ. ನಿಮ್ಮ ನೋವು ಹಾಗಿಲ್ಲ, ಆದರೆ ಮುಂದೆಂದಾದರೂ ಹಾಗೆ ಆದರೆ ನೆನಪಿರಲಿ.

ಇದನ್ನು ಓದುವ ಬೇರೆಯವರ ಚಿಕಿತ್ಸೆ ಬೇರೆ ಇರಬಹುದು, ಅವರಿಗಾಗಿ ನಾಲ್ಕು ಮಾತು. ಲ್ಯುಪ್ರೋಲೈಡ್, ಗೋಸೆರೆಲಿನ್‌ನಂಥ ಇಂಜೆಕ್ಷನ್ ಮೊದಲ ಬಾರಿ ಪಡೆದಾಗ ಟೆಸ್ಟೋಸ್ಟೆರಾನ್ ಇಳಿಯುವ ಮೊದಲು ಕೆಲವು ದಿನ ಏರುತ್ತದೆ. ಮೂಳೆಯಲ್ಲಿ ಕ್ಯಾನ್ಸರ್ ಇರುವವರಿಗೆ ಆಗ ನೋವು ಹೆಚ್ಚಬಹುದೆಂದೇ ಬೈಕಲುಟಮೈಡ್ ಮಾತ್ರೆಯನ್ನು ಮೊದಲೇ ಶುರುಮಾಡುತ್ತಾರೆ. ಡೆಗಾರೆಲಿಕ್ಸ್‌ನಲ್ಲಿ ಈ ಏರಿಕೆಯಿಲ್ಲ. ಎಂಜಲುಟಮೈಡ್ ಮತ್ತು ಅಪಲುಟಮೈಡ್ ಕೂಡ ಕೀಲುನೋವು ತರುತ್ತವೆ, ಜೊತೆಗೆ ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವನ್ನು ಹೆಚ್ಚಿಸುತ್ತವೆ. ಡೋಸಿಟ್ಯಾಕ್ಸಲ್ ಕೀಮೋ ಪಡೆದ ಎರಡು ಮೂರು ದಿನಕ್ಕೆ ಶುರುವಾಗಿ ವಾರದೊಳಗೆ ಇಳಿಯುವ ಸ್ನಾಯುನೋವು ಆ ಔಷಧಿಯದು, ಪಾದದ ಜೋಮು ಮತ್ತು ಉರಿ ನರಗಳದು; ಬಿಳಿ ರಕ್ತಕಣ ಹೆಚ್ಚಿಸಲು ಕೊಡುವ ಇಂಜೆಕ್ಷನ್ ಸೊಂಟ ಮತ್ತು ಎದೆಮೂಳೆಯಲ್ಲಿ ಸಿಡಿಯುವಂಥ ನೋವು ಕೊಡುತ್ತದೆ. ಜೊಲೆಡ್ರೋನಿಕ್ ಆಸಿಡ್ ಮೊದಲ ಬಾರಿ ಪಡೆದ ಮರುದಿನದ ಜ್ವರ, ಮೈನೋವು ಮೂರು ದಿನದೊಳಗೆ ತಾನಾಗಿ ಹೋಗುತ್ತದೆ. ಆ ಔಷಧಿ ಅಥವಾ ಡೆನೋಸುಮ್ಯಾಬ್ ದೀರ್ಘಕಾಲ ಪಡೆಯುತ್ತಿರುವವರು ದವಡೆ ನೋವನ್ನೂ, ತೊಡೆ ಅಥವಾ ತೊಡೆಸಂದಿನ ಹೊಸ ನೋವನ್ನೂ ಅಸಡ್ಡೆ ಮಾಡಬಾರದು.

ಈಗ ಕಾಯಬಾರದ ಸಂದರ್ಭ. ಬೆನ್ನಿನಲ್ಲಿ ಹೊಸದಾಗಿ ನೋವು ಹುಟ್ಟಿ ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾದರೆ, ಕೆಮ್ಮಿದಾಗ, ಮುಕ್ಕಿದಾಗ, ಮಲಗಿದಾಗ ಅದು ಜೋರಾದರೆ, ಕಾಲುಗಳಲ್ಲಿ ಬಲ ಕುಗ್ಗಿದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಾದರೆ, ಮೂತ್ರ ಕಟ್ಟಿದರೆ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ಅದು ಗಂಟೆಗಳ ಲೆಕ್ಕದ ತುರ್ತು. ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ, ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ "ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಬೆನ್ನುಹುರಿಯ ಬಗ್ಗೆ ಅನುಮಾನ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ನಡೆಯುವ ಶಕ್ತಿ ಇರುವಾಗಲೇ ಬಂದವರಲ್ಲಿ ಬಹುಪಾಲು ಜನ ಚಿಕಿತ್ಸೆಯ ನಂತರವೂ ನಡೆಯುತ್ತಾರೆ. ಅದನ್ನು ಕಳೆದುಕೊಂಡ ಮೇಲೆ ಬಂದವರಲ್ಲಿ ಮರಳಿ ಪಡೆಯುವವರು ಕಡಿಮೆ.

ಡೈಕ್ಲೋಫೆನ್ಯಾಕ್ ಬಗ್ಗೆ ನಾನು ಕಟ್ಟುನಿಟ್ಟಾಗಿಯೇ ಹೇಳಬೇಕು. ಪ್ರೆಡ್ನಿಸೋಲೋನ್ ಜೊತೆ ಅದನ್ನು ದಿನವೂ ನುಂಗುವುದು ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವಕ್ಕೆ ದಾರಿ. ಅಬಿರಾಟೆರೋನ್ ಈಗಾಗಲೇ ಏರಿಸುವ ರಕ್ತದೊತ್ತಡವನ್ನು ಅದು ಇನ್ನಷ್ಟು ಏರಿಸುತ್ತದೆ, ಮೂತ್ರಪಿಂಡಕ್ಕೂ ಹೊರೆ. ಅದನ್ನು ನಿಲ್ಲಿಸಿ, ನುಂಗುತ್ತಿದ್ದಿರೆಂದು ವೈದ್ಯರಿಗೆ ಮುಚ್ಚಿಡದೆ ತಿಳಿಸಿ. ಮಲ ಕಪ್ಪಗಾಗಿದ್ದರೆ ಇಂದೇ ತಿಳಿಸಿ. ಸದ್ಯಕ್ಕೆ ಪ್ಯಾರಾಸಿಟಮಾಲ್ ಸಾಕಾಗಬಹುದು, ಆದರೆ ನೋವು ತಡೆಯಲಾರದಾದಾಗ ಒಂದು ಎಂಬಂತಲ್ಲದೆ, ಗಡಿಯಾರ ನೋಡಿ ನಿಗದಿತ ಹೊತ್ತಿಗೆ. ವಯಸ್ಕರಿಗೆ 24 ಗಂಟೆಯಲ್ಲಿ ಅದರ ಗರಿಷ್ಠ ಮಿತಿ 4 ಗ್ರಾಂ; ವಯಸ್ಸಾದವರಿಗೆ, ತೂಕ ಕಡಿಮೆಯಿದ್ದವರಿಗೆ 3 ಗ್ರಾಂ ಅಥವಾ ಅದಕ್ಕೂ ಕಡಿಮೆ. ಅಬಿರಾಟೆರೋನ್ ಯಕೃತ್ತಿನ ಕಿಣ್ವಗಳನ್ನು ಏರಿಸಬಲ್ಲದ್ದರಿಂದ ನಿಮ್ಮ ಮಿತಿಯನ್ನು ಯಕೃತ್ತಿನ ವರದಿ ನೋಡಿ ವೈದ್ಯರೇ ಹೇಳಲಿ. ಉರಿ, ಜೋಮು, ಕರೆಂಟ್ ಹೊಡೆದಂಥ ನೋವಿದ್ದರೆ ಅದು ನರದ ನೋವು. ಅದಕ್ಕೆ ಡುಲೋಕ್ಸೆಟಿನ್, ಗ್ಯಾಬಾಪೆಂಟಿನ್‌ನಂಥ ಬೇರೆ ಔಷಧಿಗಳಿವೆ. ಮಾರ್ಫಿನ್ ಎಂದರೆ ಕೊನೆಗಾಲ ಎಂಬ ಕಲ್ಪನೆಯನ್ನು ದಯವಿಟ್ಟು ಬಿಡಿ. ನಿಮಗೆ ಅದರ ಅಗತ್ಯ ಕಾಣುತ್ತಿಲ್ಲ, ಆದರೆ ಅಗತ್ಯವಿದ್ದವರು ಅದನ್ನು ತೆಗೆದುಕೊಂಡು ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ. ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಬೇಕು, ಅಷ್ಟೆ.

ಔಷಧಿಯಷ್ಟೇ ಕೆಲಸ ಮಾಡುವುದು ವ್ಯಾಯಾಮ. ನೋವಿರುವಾಗ ಮೈ ಆಡಿಸಿ ಎನ್ನುವುದು ಕ್ರೂರವೆನಿಸಬಹುದು. ಆದರೆ ಹಾರ್ಮೋನ್ ಚಿಕಿತ್ಸೆಯಲ್ಲಿರುವವರ ಸುಸ್ತನ್ನು ಕಡಿಮೆ ಮಾಡಿ, ಸ್ನಾಯುವನ್ನು ಉಳಿಸಿಕೊಡುವುದರಲ್ಲಿ ವ್ಯಾಯಾಮದಷ್ಟು ನೆಚ್ಚಬಹುದಾದ ಉಪಾಯ ನಮ್ಮ ಬಳಿ ಮತ್ತೊಂದಿಲ್ಲ. ಬರೀ ನಡಿಗೆ ಸಾಲದು. ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಭಾರ ಬೀಳಬೇಕು. ಆ ಕುರ್ಚಿಯಿಂದಲೇ ಶುರುಮಾಡಿ: ಕೈಯ ಆಸರೆಯಿಲ್ಲದೆ, ಅಥವಾ ಆದಷ್ಟು ಕಡಿಮೆ ಆಸರೆಯಿಂದ, ನಿಧಾನವಾಗಿ ಐದು ಸಲ ಏಳಿ, ಅಷ್ಟೇ ನಿಧಾನವಾಗಿ ಕುಳಿತುಕೊಳ್ಳಿ. ಗೋಡೆಗೆ ಅಂಗೈಯೂರಿ ಐದು ಸಲ ಮೈಯನ್ನು ಹಿಂದಕ್ಕೆ ಮುಂದಕ್ಕೆ ತನ್ನಿ. ಮರುದಿನ ಸಂಜೆಯೊಳಗೆ ನೋವು ಮೊದಲಿನಂತಾದರೆ ಹದ ಸರಿಯಿದೆ. ಆಗದಿದ್ದರೆ ಎರಡು ಸಲ ಕಡಿಮೆ ಮಾಡಿ. ಸಾಧ್ಯವಾದರೆ ಫಿಸಿಯೋಥೆರಪಿಸ್ಟ್ ಒಬ್ಬರ ಕಣ್ಣೆದುರಿಗೆ ಕಲಿಯಿರಿ. ಮೂಳೆಯಲ್ಲಿ ಕ್ಯಾನ್ಸರ್ ಇರುವವರು ಮಾತ್ರ ಅವರನ್ನು ಕೇಳದೆ ಭಾರ ಎತ್ತಬಾರದು.

ನಿದ್ದೆಯ ಬಗ್ಗೆ ನೀವೇನೂ ಬರೆದಿಲ್ಲ, ಆದರೂ ಕೇಳುತ್ತೇನೆ. ರಾತ್ರಿ ಮೈ ಧಗ್ಗೆಂದು ಬಿಸಿಯೇರಿ ಬೆವರಿ ಎಚ್ಚರವಾಗುತ್ತಿದೆಯೇ? ಹಾರ್ಮೋನ್ ಚಿಕಿತ್ಸೆಯಲ್ಲಿ ಅದು ತೀರಾ ಸಾಮಾನ್ಯ, ಮತ್ತು ಹರಿದ ನಿದ್ದೆಯ ಮರುದಿನ ಅದೇ ನೋವು ಎರಡರಷ್ಟಾಗಿ ಕಾಣುತ್ತದೆ. ಮನಸ್ಸು ಮಂಕಾಗುವುದೂ ಹೀಗೆಯೇ. ಟೆಸ್ಟೋಸ್ಟೆರಾನ್ ಇಳಿದದ್ದರ ಪರಿಣಾಮವನ್ನು ಅನೇಕರು ತಮ್ಮ ಧೈರ್ಯಗೇಡಿತನವೆಂದು ತಿಳಿದು ಒಳಗೇ ಇಟ್ಟುಕೊಳ್ಳುತ್ತಾರೆ. ಉಪಶಾಮಕ ಚಿಕಿತ್ಸೆಗೆ ಇಂದಿನ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್, ದೇಹದ ನೋವು, ಮನಸ್ಸಿನ ಕಳವಳ, ಸಂಸಾರದ ಚಿಂತೆ ಎಲ್ಲವನ್ನೂ ಸೇರಿಸಿ 'ಸಮಗ್ರ ನೋವು' ಎಂದು ಕರೆದರು. ಕೆಟ್ಟ ನಿದ್ದೆಗೂ ಮಂಕಾದ ಮನಸ್ಸಿಗೂ ಚಿಕಿತ್ಸೆಯಿದೆ, ಬಾಯಿಬಿಟ್ಟು ಹೇಳಬೇಕು.

ಮುಂದಿನ ಭೇಟಿಗೆ ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆದಿಡಿ. "ಮಂಗಳವಾರ. ಬೆಳಗ್ಗೆ ಎರಡೂ ಭುಜ, 10ಕ್ಕೆ 6. ಮುಕ್ಕಾಲು ಗಂಟೆಯಲ್ಲಿ ಸಡಿಲ. ರಾತ್ರಿ ಮೀನಖಂಡ ಸೆಳೆತ. ಇಂಜೆಕ್ಷನ್ ಆಗಿ 19ನೇ ದಿನ. ಪ್ರೆಡ್ನಿಸೋಲೋನ್ ಊಟದ ನಂತರ ತೆಗೆದುಕೊಂಡೆ." ಇಷ್ಟು ಸಾಕು. ಇಂಥ ಹದಿನಾಲ್ಕು ಸಾಲುಗಳು ನನ್ನಂಥವನಿಗೆ "ಮೈಯೆಲ್ಲ ನೋವು ಡಾಕ್ಟರೇ" ಎಂಬ ಮಾತಿಗಿಂತ ಹೆಚ್ಚು ಹೇಳುತ್ತವೆ. ಬೆಳಗಿನ ಬಿಗಿತ, ರಾತ್ರಿಯ ಸೆಳೆತ, ಇಂಜೆಕ್ಷನ್ ಸುತ್ತಲಿನ ಏರಿಳಿತ, ಒಂದೊಂದೂ ಬೇರೆ ಬೇರೆ ಕಾರಣದತ್ತ ಬೆರಳು ಮಾಡುತ್ತದೆ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು, ವೈದ್ಯರು ಬರೆದುಕೊಡದ ಪುಡಿ ಮತ್ತು ಟಾನಿಕ್‌ಗಳನ್ನೂ ಸೇರಿಸಿ, ಅದರ ಜೊತೆಗಿಡಿ.

ಕೊನೆಯದಾಗಿ ಇಂಜೆಕ್ಷನ್. ಅದನ್ನು ಬಿಟ್ಟರೆ ನೋವು ಮುಂದಿನ ವಾರ ಹೋಗುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ಟೆಸ್ಟೋಸ್ಟೆರಾನ್ ಮರಳಲು ಹಲವು ತಿಂಗಳು ಬೇಕು, ಕೆಲವರಲ್ಲಿ ಪೂರ್ತಿ ಮರಳುವುದೂ ಇಲ್ಲ. ವಿಕಿರಣದ ಜೊತೆಗೆ ಕೊಡುವ ಹಾರ್ಮೋನ್ ಚಿಕಿತ್ಸೆಗೆ ನಿಗದಿಯಾದ ಅವಧಿಯಿರುತ್ತದೆ, ಅದನ್ನು ಅರ್ಧಕ್ಕೆ ಮುರಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚುತ್ತದೆ. ಹಾಗೆಂದು ನರಳುತ್ತಲೇ ಅವಧಿ ಮುಗಿಸಬೇಕೆಂದೂ ಅಲ್ಲ. ಪೊಟ್ಯಾಸಿಯಂ, ವಿಟಮಿನ್ ಡಿ ಸರಿಪಡಿಸಿ, ಸ್ಟ್ಯಾಟಿನ್ನನ್ನು ವೈದ್ಯರ ಸಲಹೆಯಂತೆ ಕೆಲವು ವಾರ ನಿಲ್ಲಿಸಿ ನೋಡಿದ ಮೇಲೂ ನೋವು ಹಾಗೆಯೇ ಉಳಿದರೆ, ಅಬಿರಾಟೆರೋನ್ ಪ್ರಮಾಣ ತಗ್ಗಿಸುವುದು, ಸ್ವಲ್ಪ ದಿನ ತಡೆಹಿಡಿಯುವುದು ಅಥವಾ ಉಳಿದ ಅವಧಿಯನ್ನು ಇಂಜೆಕ್ಷನ್ ಒಂದರಲ್ಲೇ ಮುಗಿಸುವುದು, ಇವೆಲ್ಲ ನಿಮ್ಮ ಕ್ಯಾನ್ಸರ್ ತಜ್ಞರ ಮುಂದೆ ಇಡಬಹುದಾದ ಪ್ರಶ್ನೆಗಳು. ಇಂಜೆಕ್ಷನ್‌ಗೆ ಹೋಗುವ ದಿನವೇ ಕೇಳಿ. ಆದರೆ ಸೂಜಿ ಚುಚ್ಚುವ ಮೊದಲು, ನೋಟ್‌ಬುಕ್ ಅವರ ಕೈಗೆ ಕೊಟ್ಟು.